ಮಗಳ ಅಳತೆಯ ಮೇಷ್ಟ್ರು

ನನ್ನ ಅಂಗಡಿಯ ಬಾಗಿಲಲ್ಲಿ ಮನುಷ್ಯ ಬಂದು ನಿಂತರೆ ಸಾಕು, ಟೇಪು ಮುಟ್ಟದೆ ಅವನ ಸೊಂಟದ ಸುತ್ತಳತೆ ಹೇಳಬಲ್ಲೆ. ಊಟಕ್ಕೆ ಮುಂಚಿನದು ಬೇರೆ, ಊಟ ಆದ ಮೇಲಿನದು ಬೇರೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬಕ್ಕೆ ಹೇಳುವುದಾದರೆ ಇನ್ನೂ ಬೇಕಾದಷ್ಟಿದೆ. ನಾನು ಹೊಲಿದ ಕೋಟು ತೊಟ್ಟು ಉಸಿರು ಬಿಗಿಹಿಡಿದು ಕೂತವರಿಲ್ಲ, ನಾನು ಹೊಲಿದ ಪ್ಯಾಂಟು ತೊಟ್ಟು ಬಗ್ಗಲು ಹೆದರಿದವರಿಲ್ಲ. ಇಂಥ ನಾನು ನನ್ನ ಒಬ್ಬಳೇ ಮಗಳಿಗೆ ಸರಿಯಾದ ಅಳತೆಯ ಟ್ಯೂಷನ್ ಮೇಷ್ಟ್ರನ್ನು ಹುಡುಕಲಾರೆನೇ? ಹುಡುಕಿಯೇ ತೀರುತ್ತೇನೆ ಎಂದು ಹೆಂಡತಿಯ ಮುಂದೆ ಎದೆ ತಟ್ಟಿಕೊಂಡೆ. ಆ ಎದೆ ಈಗಲೂ ಸ್ವಲ್ಪ ನೋಯುತ್ತದೆ.

ಮೇಷ್ಟ್ರು ಬೇಕಾದದ್ದು ಲೆಕ್ಕಕ್ಕೆ. ನನ್ನ ಮಗಳು ಮಾತಿನ ಮಲ್ಲಿ. ಅಂಗಡಿಯ ಇಸ್ತ್ರಿ ಪೆಟ್ಟಿಗೆಯನ್ನೂ ಮಾತಾಡಿಸುತ್ತಾಳೆ, ಟ್ರಯಲ್ ರೂಮಿನೊಳಗೆ ಬಟ್ಟೆ ಬದಲಿಸುತ್ತಿರುವ ಗಿರಾಕಿಯನ್ನೂ ಹೊರಗಿನಿಂದಲೇ ಮಾತಾಡಿಸುತ್ತಾಳೆ. ಅಂಥವಳು ಲೆಕ್ಕದ ಪುಸ್ತಕ ತೆರೆದರೆ ಬಾಯಿಗೆ ಬೀಗ. ಶಾಲೆಯ ಮಿಸ್ ನಮ್ಮನ್ನು ಕರೆಸಿ, "ಭಿನ್ನರಾಶಿ ಅಂದ್ರೆ ಸಾಕು, ಕೂತಲ್ಲೇ ಕಲ್ಲಾಗ್ತಾಳೆ. ವರ್ಷದ ಪರೀಕ್ಷೇಲಿ ಪಾಸಾಗ್ದಿದ್ರೆ ಇದೇ ಕ್ಲಾಸಲ್ಲಿ ಇನ್ನೊಂದು ವರ್ಷ ಕೂರಿಸ್ಬೇಕಾಗುತ್ತೆ" ಎಂದರು. ಕೆಟ್ಟದಾಗಿ ಹೇಳಲಿಲ್ಲ, ಪಾಪ, ಸಂಕಟಪಟ್ಟೇ ಹೇಳಿದರು.

ವಾಪಸು ಬರುವಾಗ ಮಗಳು ನನ್ನ ಕೈ ಹಿಡಿದುಕೊಂಡೇ ಕೇಳಿದಳು. "ಅಪ್ಪ, ನಾನು ದಡ್ಡಿ ಅಲ್ವಾ?"

ಅಳುತ್ತಾ ಕೇಳಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಇವತ್ತು ಯಾವ ವಾರ ಎಂದು ಕೇಳುವಷ್ಟು ಸಹಜವಾಗಿ ಕೇಳಿದಳು. ಹೆಂಡತಿಯ ಮುಂದೆ ನಾನು ಎದೆ ತಟ್ಟಿಕೊಂಡದ್ದು ಅಂದೇ.

"ಹುಡುಕೋದೇನೋ ಸರಿ, ಅವಳಿಗೆ ಎಂಥವರು ಹೊಂದ್ತಾರೆ ಅಂತ ನಿಮಗೆ ಹೇಗ್ರೀ ಗೊತ್ತಾಗುತ್ತೆ?" ಎಂದಳು ಹೆಂಡತಿ. ನಮ್ಮ ಅಂಗಡಿಯಲ್ಲಿ ಕಾಜಾ ಹಾಕುವುದು, ಗುಂಡಿ ಹಚ್ಚುವುದು ಅವಳ ಖಾತೆ. ನನ್ನ ಮಾತಿನಲ್ಲಿ ತೂತು ಹುಡುಕುವುದೂ ಅವಳದೇ ಖಾತೆ.

"ಟ್ರಯಲ್ ನೋಡ್ತೀನಿ."

"ಅವಳ ಮೇಲಾ?"

"ನನ್ನ ಮೇಲೆ."

ನಮ್ಮ ಕಸುಬಿನಲ್ಲಿ ಒಂದು ಪದ್ಧತಿಯಿದೆ. ಗಿರಾಕಿ ಟ್ರಯಲ್‌ಗೆ ಬರಲಾಗದಿದ್ದರೆ ಅದೇ ಮೈಕಟ್ಟಿನ ಇನ್ನೊಬ್ಬರಿಗೆ ತೊಡಿಸಿ ನೋಡುತ್ತೇವೆ. ಮಗಳನ್ನು ಕಂಡ ಕಂಡ ಮೇಷ್ಟ್ರ ಮುಂದೆ ಕೂರಿಸಿ "ಇವಳಿಗೆ ಬರಲ್ಲ" ಎಂದು ಹೇಳಿಸಿಕೊಳ್ಳುವುದು ನನಗೆ ಸುತರಾಂ ಬೇಡವಿತ್ತು. ಅವಳನ್ನು ನೋಡಿದವರೆಲ್ಲ ಅಪ್ಪನ ಪಡಿಯಚ್ಚು ಎನ್ನುತ್ತಾರೆ. ಅದೇ ಮೂಗು, ಅದೇ ಹಣೆ, ಅದೇ ಮಾತು. ಒಳಗಿನ ಮಿದುಳು ಮಾತ್ರ ಬೇರೆ ಬಟ್ಟೆಯದಾಗಿರಲು ಹೇಗೆ ಸಾಧ್ಯ? ನನಗೆ ಹೊಂದಿದ ಮೇಷ್ಟ್ರು ಅವಳಿಗೂ ಹೊಂದಲೇಬೇಕು. ಜಗತ್ತಿನ ಯಾವ ತಂದೆಗೂ ಹೊಳೆಯದ ಉಪಾಯ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಯಾಕೆ ಹೊಳೆದಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಮೊದಲು ಬಂದವರು ನಿವೃತ್ತ ಮೇಷ್ಟ್ರು. ಕೆಮ್ಮಿದರೆ ಗಾಜಿನ ಬೀರು ಅದುರುತ್ತಿತ್ತು. ನಾನು ಅವರಿಗೆ ಗುಡುಗು ಮೇಷ್ಟ್ರು ಎಂದು ಹೆಸರಿಟ್ಟೆ. ಮಧ್ಯಾಹ್ನ ಗಿರಾಕಿಗಳು ಕಡಿಮೆ ಇರುವ ಹೊತ್ತಿಗೆ ಬಟ್ಟೆ ಕತ್ತರಿಸುವ ಮೇಜಿನ ಮುಂದೆ ಕೂತು, "ನನ್ನನ್ನೇ ಮಗಳು ಅಂದ್ಕೊಳ್ಳಿ ಸಾರ್" ಎಂದೆ. ಅವರು ಅಂದುಕೊಂಡರು. ಅಂದುಕೊಂಡ ಮೇಲೆ ದಯೆ ತೋರಿಸಲಿಲ್ಲ.

"ಹದಿಮೂರರ ಮಗ್ಗಿ."

ನಾನು ಫ್ಯಾನು ನೋಡಿದೆ.

"ಬೆಂಚಿನ ಮೇಲೆ ನಿಲ್ಲು."

ನಿಂತೆ. ಆ ಧ್ವನಿಗೆ ಯಾರಾದರೂ ನಿಲ್ಲುತ್ತಿದ್ದರು. ಅದೇ ವೇಳೆಗೆ ನಮ್ಮ ಹಳೇ ಗಿರಾಕಿ, ಬ್ಯಾಂಕಿನ ಮ್ಯಾನೇಜರು, ಪ್ಯಾಂಟಿನ ಬಟ್ಟೆ ಹಿಡಿದು ಒಳಗೆ ಬಂದರು. ಬೂದು ಬಣ್ಣದ ಬಲು ಒಳ್ಳೆಯ ಬಟ್ಟೆ. ಬೆಂಚಿನ ಮೇಲೆ ಕೈಕಟ್ಟಿ ನಿಂತ ನನ್ನನ್ನು ನೋಡಿ, "ಏನು ಟೇಲರೇ, ಬಲ್ಬ್ ಹಾಕ್ತಿದ್ದೀರಾ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಮೇಷ್ಟ್ರು, "ಅವನು ಪಾಠದಲ್ಲಿದ್ದಾನೆ. ಆಮೇಲೆ ಬನ್ನಿ" ಎಂದು ಗುಡುಗಿದರು. ಮ್ಯಾನೇಜರು ಬಟ್ಟೆಯನ್ನು ಮೇಜಿನ ಮೇಲಿಟ್ಟು ಹಿಂದಕ್ಕೆ ಹಿಂದಕ್ಕೆ ನಡೆದುಕೊಂಡೇ ಹೊರಗೆ ಹೋದರು.

ಆಮೇಲೆ ಬಂದದ್ದು ಮಿಂಚು ಮೇಷ್ಟ್ರು. ಚಿಕ್ಕ ವಯಸ್ಸು. ಫೋನಿನಲ್ಲಿ ಬಣ್ಣಬಣ್ಣದ ಚಿತ್ರಗಳು ಕುಣಿದವು, ಸಂಖ್ಯೆಗಳು ಪಲ್ಟಿ ಹೊಡೆದವು, ಕೊನೆಗೆ ಚಪ್ಪಾಳೆಯ ಸದ್ದೂ ಬಂತು. "ಅರ್ಥ ಆಯ್ತಲ್ವಾ ಸರ್?" ಎಂದು ಕೇಳಿದಾಗ ತಲೆಯಾಡಿಸಿದೆ. ಚಪ್ಪಾಳೆ ಬಂದ ಮೇಲೆ ಇಲ್ಲ ಎನ್ನುವುದು ಹೇಗೆ? ಅವರು ಹೋದ ಮೇಲೆ ಹೆಂಡತಿ ಕಾಜಾ ಹಾಕುತ್ತಲೇ ಕೇಳಿದಳು. "ಏನು ಕಲಿತ್ರಿ?"

"ಫೋನು ಚೆನ್ನಾಗಿದೆ" ಎಂದೆ.

ಕೊನೆಗೆ ಸಿಕ್ಕಿದರು ನೋಡಿ, ನಿಧಾನದ ಮೇಡಂ. ಒಂದು ಮಾತು ಹೇಳಿ, ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಅದೇ ಮಾತನ್ನು ಇನ್ನೊಮ್ಮೆ ಹೇಳುವವರು. ತಪ್ಪಾದರೆ "ಪರವಾಗಿಲ್ಲ" ಎನ್ನುವರು, ಸರಿಯಾದರೂ "ಪರವಾಗಿಲ್ಲ" ಎನ್ನುವರು. ಮಧ್ಯೆ ಟೀ ಕುಡಿಯಲು ಬಿಡುತ್ತಿದ್ದರು. ಪಾಠ ಮುಗಿದಾಗ ನನಗೆ ಹೊಸ ಕೋಟು ತೊಟ್ಟಷ್ಟು ಹಿತವಾಗಿತ್ತು. ಭುಜ ಸರಿ, ತೋಳು ಸರಿ, ಎಲ್ಲೂ ಬಿಗಿಯಿಲ್ಲ. ಮೇಡಂ ಅಲ್ಲೇ ಆಯ್ಕೆಯಾದರು. ಅಂದು ಸಂಜೆ ಬೀದಿಯಲ್ಲಿ ಸಿಕ್ಕವರಿಗೆಲ್ಲ ಮೇಷ್ಟ್ರನ್ನು ಆರಿಸುವ ಬಗೆಯ ಕುರಿತು ಪುಕ್ಕಟೆ ಉಪನ್ಯಾಸ ಕೊಟ್ಟೆ. ದಿನಸಿ ಅಂಗಡಿಯವನಂತೂ ಕೈ ಮುಗಿದು ಒಳಗೆ ಹೋಗಿಬಿಟ್ಟ.

ಮಗಳ ಪಾಠ ಅಂಗಡಿಯ ಹಿಂಬದಿ ಕೋಣೆಯಲ್ಲಿ ಶುರುವಾಯಿತು. ನಾನು ಮೆಷಿನ್ ತುಳಿಯುತ್ತಾ ಕಿವಿ ನಿಮಿರಿಸಿ ಕೂತೆ. ಮೇಡಂ ಧ್ವನಿ ಮಾತ್ರ ಕೇಳುತ್ತಿತ್ತು. ಮಗಳದು ಇಲ್ಲವೇ ಇಲ್ಲ. ದಿನಗಳು ಉರುಳಿದವು, ಹಾಗೇ ಇತ್ತು. ಕೊನೆಗೆ ಮೇಡಂ ಹೊರಗೆ ಬಂದು, ಕನ್ನಡಕ ಒರೆಸಿ, "ಮಗು ನಾನು ಹೇಳಿದ್ದೆಲ್ಲಾ ಕೇಳುತ್ತೆ ಸರ್. ಆದ್ರೆ ಬಾಯೇ ಬಿಡಲ್ಲ. ಒಳಗೆ ಏನು ಹೋಗಿದೆ, ಏನು ಹೋಗಿಲ್ಲ ಅಂತ ನಂಗೆ ಗೊತ್ತಾಗ್ತಾ ಇಲ್ಲ" ಎಂದರು.

"ನಂಗೆ ಎಷ್ಟು ಚೆನ್ನಾಗಿ ಹೊಂದಿತ್ತು" ಎಂದು ನಾನು ಗೊಣಗಿದೆ.

"ನಿಮ್ಮ ಅಳತೆಗೆ ಹೊಲಿಸಿ ಅವಳಿಗೆ ತೊಡಿಸಿದ್ರೆ ಇನ್ನೇನಾಗುತ್ತೆ?" ಎಂದಳು ಹೆಂಡತಿ.

ಮಾತು ನಾಟಿತು. ಆದರೆ ನಾಟಿದ್ದನ್ನು ತೋರಿಸಿಕೊಳ್ಳುವ ಜಾತಿ ನನ್ನದಲ್ಲ. ಬಟ್ಟೆ ಹೊಂದದಿದ್ದರೆ ಬಿಸಾಡುತ್ತೇವೆಯೇ? ಆಲ್ಟರ್ ಮಾಡುತ್ತೇವೆ. "ನಾಳೆಯಿಂದ ನಾನೂ ಅವಳ ಪಕ್ಕದಲ್ಲಿ ಕೂತ್ಕೋತೀನಿ. ಮೇಡಂ ಹತ್ರ ಹೇಗೆ ಕಲೀಬೇಕು ಅಂತ ತೋರಿಸಿಕೊಡ್ತೀನಿ" ಎಂದು ಘೋಷಿಸಿದೆ.

ಮರುದಿನ ಹಿಂಬದಿ ಕೋಣೆ ಬಟ್ಟೆಗಳಿಂದ ತುಂಬಿದ್ದರಿಂದ ಪಾಠ ಕತ್ತರಿಸುವ ಮೇಜಿಗೇ ಬಂತು. ಮೇಜಿನ ಮೇಲೆ ಮ್ಯಾನೇಜರ ಬೂದು ಬಟ್ಟೆ ಹರಡಿತ್ತು. ಮೇಡಂ ನನಗೆ ಸ್ಲೇಟು ಕೊಟ್ಟು, "ಅರ್ಧ, ಅದಕ್ಕೆ ಮೂರನೇ ಒಂದು. ಕೂಡಿ ನೋಡೋಣ" ಎಂದರು.

ಟೇಪಿನ ಮೇಲಾದರೆ ಅರ್ಧಕ್ಕೆ ಕಾಲು ಕೂಡಿಸುವುದು ನನ್ನ ಬೆರಳಿಗೇ ಗೊತ್ತು. ಆದರೆ ಸ್ಲೇಟಿನಲ್ಲಿ ಒಂದರ ಕೆಳಗೆ ಒಂದು ಬರೆದು ನಡುವೆ ಗೆರೆ ಎಳೆದರೆ ಬೆರಳು ಕೈಕೊಡುತ್ತದೆ. ಮೂರನೇ ಒಂದು ಎನ್ನುವುದು ಟೇಪಿನಲ್ಲಿ ಇಲ್ಲವೇ ಇಲ್ಲ. ಆದರೂ ಧೈರ್ಯವಾಗಿ ಮೇಲಿನ ಅಂಕಿ ಎರಡನ್ನೂ ಕೂಡಿದೆ, ಕೆಳಗಿನ ಅಂಕಿ ಎರಡನ್ನೂ ಕೂಡಿದೆ. ಐದರಲ್ಲಿ ಎರಡು ಬಂತು. ಸ್ಲೇಟನ್ನು ಮಗಳಿಗೆ ಕಾಣುವಂತೆ ತಿರುಗಿಸಿ, "ನೋಡಿದ್ಯಾ? ಹೆದರಬಾರದು" ಎಂದೆ.

ಅವಳು ನೋಡಿದಳು. ಹುಬ್ಬು ಗಂಟಿಕ್ಕಿದಳು. ಮೇಡಂ ಬಂದಾಗಿನಿಂದ ಮುಚ್ಚಿದ್ದ ಬಾಯಿ ತೆರೆಯಿತು.

"ಅಪ್ಪ, ಐದರಲ್ಲಿ ಎರಡು ಅಂದ್ರೆ ಅರ್ಧಕ್ಕಿಂತ ಕಮ್ಮಿ ಅಲ್ವಾ?"

"ಇರಬಹುದು."

"ಅರ್ಧ ಇತ್ತು. ಅದಕ್ಕೆ ಇನ್ನೊಂದಷ್ಟು ಸೇರಿಸಿದೆ. ಸೇರಿಸಿದ ಮೇಲೆ ಕಮ್ಮಿ ಹೇಗಪ್ಪ ಆಗುತ್ತೆ?"

ನಾನು ಮೇಡಂ ಕಡೆ ನೋಡಿದೆ. ಮೇಡಂ ಕನ್ನಡಕ ಒರೆಸುವುದನ್ನೂ ಮರೆತು ಮಗಳನ್ನೇ ನೋಡುತ್ತಿದ್ದರು. ಮಗಳು ನನ್ನ ಮುಖದಲ್ಲಿ ಏನೂ ಹೊಳೆಯದ್ದನ್ನು ಕಂಡು, "ಇರಪ್ಪ, ಹೇಳ್ತೀನಿ" ಎಂದು ಎದ್ದು ನಿಂತಳು. ಕೈಗೆ ಸಿಕ್ಕಿದ್ದು ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ, ಎದುರಿಗಿದ್ದದ್ದು ಮ್ಯಾನೇಜರ ಬಟ್ಟೆ. ನಡುವೆ ಒಂದು ಗೆರೆ ಎಳೆದಳು. "ಇದು ಅರ್ಧ." ಅಡ್ಡಕ್ಕೆ ಗೆರೆ ಎಳೆದು ಮೂರು ಭಾಗ ಮಾಡಿದಳು. "ಇದು ಮೂರನೇ ಒಂದು. ಈಗ ಇವೆರಡೂ... ಅಲ್ಲ, ತಡಿ... ತುಂಡುಗಳು ಒಂದೇ ಸೈಜಲ್ಲಿ ಇರ್ಬೇಕು. ಓ, ಇದೀಗ ಆರು ತುಂಡು ಆಯ್ತು! ಅರ್ಧ ಅಂದ್ರೆ ಇದರಲ್ಲಿ ಮೂರು, ಮೂರನೇ ಒಂದು ಅಂದ್ರೆ ಎರಡು. ಆರರಲ್ಲಿ ಐದು ಅಪ್ಪ, ಆರರಲ್ಲಿ ಐದು."

ನನಗೆ ಆರೂ ತಿಳಿಯಲಿಲ್ಲ, ಐದೂ ತಿಳಿಯಲಿಲ್ಲ. ತಿಳಿದದ್ದು ಒಂದೇ. ಅದು ಅವಳಿಗೂ ಮೊದಲೇ ಗೊತ್ತಿರಲಿಲ್ಲ. ನನಗೆ ಹೇಳುತ್ತಾ ಹೇಳುತ್ತಾ ಅವಳಿಗೇ ಗೊತ್ತಾಗಿತ್ತು. ಇಸ್ತ್ರಿ ಪೆಟ್ಟಿಗೆಯನ್ನು ಮಾತಾಡಿಸುವ ನನ್ನ ಹಳೇ ಮಗಳು ಮೇಜಿನಾಚೆ ನಿಂತಿದ್ದಳು, ಮೂಗಿನ ತುಂಬ ಸೀಮೆಸುಣ್ಣ ಮೆತ್ತಿಕೊಂಡು. ನನ್ನ ಕಣ್ಣು ತುಂಬಿ ಬಂತು. ಮೇಡಂ ಅದನ್ನು ನೋಡಿ, ಲೆಕ್ಕ ಬಾರದ್ದಕ್ಕೆ ಅಳುತ್ತಿದ್ದೇನೆಂದು ತಿಳಿದು, "ಪರವಾಗಿಲ್ಲ ಸರ್" ಎಂದರು.

ಹೊರಡುವಾಗ ಅವರು ನನ್ನನ್ನೂ ಹೆಂಡತಿಯನ್ನೂ ಕರೆದು ಹೇಳಿದರು. "ನಾಳೆಯಿಂದ ನಾನು ದಿನಾ ಬರೋದು ಬೇಡ. ವಾರಕ್ಕೊಂದ್ಸಲ ಬಂದು ತಪ್ಪು ಏನಾದ್ರೂ ಇದ್ರೆ ತಿದ್ದಿ ಹೋಗ್ತೀನಿ. ಈ ಮಗು ಕೇಳ್ಕೊಂಡು ಕಲಿಯೋದಲ್ಲ, ಹೇಳ್ಕೊಟ್ಟು ಕಲಿಯೋದು. ಇವಳಿಗೆ ಬೇಕಾಗಿರೋದು ಟೀಚರ್ ಅಲ್ಲ, ಒಬ್ಬ ಸ್ಟೂಡೆಂಟ್."

"ಎಲ್ಲಿ ಹುಡುಕೋಣ ಮೇಡಂ? ಹೇಗಿರಬೇಕು?"

"ತಾಳ್ಮೆಯಿಂದ ಕೇಳ್ಬೇಕು. ಮುಖ್ಯವಾಗಿ, ಏನೂ ಗೊತ್ತಿರಬಾರದು."

"ಹಾಗಾದ್ರೆ ಹುಡುಕೋದೇ ಬೇಡ" ಎಂದಳು ಹೆಂಡತಿ.

ಹೀಗೆ, ಮೇಷ್ಟ್ರನ್ನು ಆರಿಸಲು ಹೊರಟ ನಾನು, ಯಾವ ಪೈಪೋಟಿಯೂ ಇಲ್ಲದೆ ವಿದ್ಯಾರ್ಥಿಯಾಗಿ ಆಯ್ಕೆಯಾದೆ. ಆ ಹೆಮ್ಮೆಯಲ್ಲೇ ಮಾರನೆಯ ಬೆಳಿಗ್ಗೆ ಹಾಡು ಗುನುಗುತ್ತಾ ಅಂಗಡಿ ತೆರೆದೆ. ಮೇಜಿನ ಮೇಲೆ ಬೂದು ಬಟ್ಟೆ, ಅದರ ಮೇಲೆ ಸ್ಪಷ್ಟವಾದ ಬಿಳಿ ಗೆರೆ. ಗೆರೆ ಕಂಡರೆ ಟೇಲರಿನ ಕೈ ಪ್ರಶ್ನೆ ಕೇಳುವುದಿಲ್ಲ. ಹಾಡು ಮುಗಿಯುವಷ್ಟರಲ್ಲಿ ಕತ್ತರಿಯೂ ತನ್ನ ಕೆಲಸ ಮುಗಿಸಿತ್ತು.

"ಇದೇನ್ರೀ ಇದು?" ಎಂದು ಹೆಂಡತಿ ಕೂಗಿದಾಗಲೇ ನೋಡಿದೆ. ಬಹಳ ಸೊಗಸಾಗಿ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ, ಮ್ಯಾನೇಜರ ಪ್ಯಾಂಟು ಆರು ಸಮಭಾಗವಾಗಿತ್ತು.

ಅಂದು ಸಂಜೆಯೇ ಅವರು ಬಂದರು. ನಾನು ಟ್ರಯಲ್ ರೂಮು ಸೇರಿ ಪರದೆ ಎಳೆದುಕೊಂಡೆ. ಮಗಳು ಮುಂದೆ ಹೋಗಿ ತುಂಡುಗಳನ್ನು ಮೇಜಿನ ಮೇಲೆ ಜೋಡಿಸಿದಳು. "ಅಂಕಲ್, ನಿಮ್ಮ ಬಟ್ಟೆ ಒಂಚೂರೂ ಕಮ್ಮಿಯಾಗಿಲ್ಲ. ಆರರಲ್ಲಿ ಆರೂ ಇದೆ, ಎಣಿಸ್ಕೊಳ್ಳಿ."

ಮ್ಯಾನೇಜರು ಎಣಿಸಿಕೊಂಡರು. ಆಮೇಲೆ ಪರದೆಯ ಕಡೆ ತಿರುಗಿ, "ಟೇಲರೇ, ಪಾಠ ಇನ್ನೂ ನಡೀತಾ ಇದೆಯಾ?" ಎಂದರು. ಅದೇ ತರದ ಬಟ್ಟೆ ಹುಡುಕಿ ತಂದು, ಮಗಳನ್ನು ಮೇಜಿನಿಂದ ದೂರ ಕೂರಿಸಿ ಹೊಲಿದುಕೊಟ್ಟೆ. ಆರು ತುಂಡುಗಳು ನಮ್ಮ ತರಗತಿಯ ಸ್ವತ್ತಾದವು. ಅವುಗಳಿಂದ ನಾನು ಕೂಡುವುದು ಕಲಿತೆ, ಕಳೆಯುವುದು ಕಲಿತೆ, ಗುಣಾಕಾರದಲ್ಲಿ ಬಹುದಿನ ಒದ್ದಾಡಿದೆ. ನಾನು ಒದ್ದಾಡಿದಷ್ಟೂ ಮಗಳು ಹೊಸ ಹೊಸ ದಾರಿ ಹುಡುಕಿ ಹೇಳಿಕೊಟ್ಟಳು. ನನ್ನ ದಡ್ಡತನದ ಆಳ ಅವಳಿಗೆ ಅಷ್ಟು ಉಪಯೋಗಕ್ಕೆ ಬಂತು. ಯಾವ ತಂದೆ ಮಗಳ ಓದಿಗೆ ಇಷ್ಟು ಕೊಟ್ಟಿದ್ದಾನೆ, ಹೇಳಿ?

ವರ್ಷದ ಪರೀಕ್ಷೆ ಮುಗಿದು ಶಾಲೆಯಿಂದ ಕರೆ ಬಂತು. ಮೂವರೂ ಹೋದೆವು. ಮಿಸ್ ನಗುತ್ತಾ ಉತ್ತರಪತ್ರಿಕೆ ಮುಂದಿಟ್ಟರು. ಮಗಳು ಪಾಸಾಗಿದ್ದಳು. ಬರೀ ಪಾಸಲ್ಲ, ಭಿನ್ನರಾಶಿಯ ಲೆಕ್ಕ ಒಂದೂ ತಪ್ಪಿರಲಿಲ್ಲ. ನನ್ನ ಅಂಗಿಯ ಗುಂಡಿಗಳು ಎದೆಯ ಉಬ್ಬರ ತಡೆಯಲಾರದೆ ಒದ್ದಾಡಿದವು. ಅಂಗಿ ನಾನೇ ಹೊಲಿದದ್ದು, ಆದರೆ ಇಷ್ಟು ಹೆಮ್ಮೆಗೆ ಜಾಗ ಬಿಟ್ಟಿರಲಿಲ್ಲ.

"ಯಾರ ಹತ್ರ ಟ್ಯೂಷನ್‌ಗೆ ಹಾಕಿದ್ರಿ?" ಎಂದು ಕೇಳಿದರು ಮಿಸ್. ನಾನು ಗಂಟಲು ಸರಿಮಾಡಿಕೊಂಡು ಉಪನ್ಯಾಸಕ್ಕೆ ಸಿದ್ಧನಾದೆ. ಅಷ್ಟರಲ್ಲಿ ಮಗಳೇ ಶುರು ಮಾಡಿದಳು.

"ನಾನೇ ಟ್ಯೂಷನ್ ಹೇಳ್ಕೊಟ್ಟೆ ಮಿಸ್. ಒಬ್ಬನೇ ಸ್ಟೂಡೆಂಟು. ತುಂಬಾ ನಿಧಾನ. ಒಂದೇ ವಿಷಯ ಎಷ್ಟು ಸಲ ಹೇಳಿದ್ರೂ ಮರೀತಾನೆ. ಆದ್ರೆ ದಡ್ಡ ಅಂತ ಅನ್ಬಾರದು ಮಿಸ್. ಅವನಿಗೆ ಹೇಗೆ ಹೇಳಿದ್ರೆ ಅರ್ಥ ಆಗುತ್ತೆ ಅಂತ ನಾವು ಕಂಡುಹಿಡೀಬೇಕು ಅಷ್ಟೇ."

ಮಿಸ್ ಮಗಳ ತಲೆ ಸವರಿ, "ಯಾರಮ್ಮ ಆ ಹುಡುಗ? ಯಾವ ಕ್ಲಾಸು?" ಎಂದರು.

ಮಗಳು ನನ್ನ ಕಡೆ ಕಳ್ಳನೋಟ ಬೀರಿ, "ಹೆಸರು ಹೇಳಲ್ಲ ಮಿಸ್. ಪಾಪ, ಅವನಿಗೆ ಬೇಜಾರಾಗುತ್ತೆ" ಎಂದಳು.

"ನಿಮಗೆ ಗೊತ್ತಾ ಸರ್ ಆ ಹುಡುಗ?" ಎಂದು ಮಿಸ್ ನನ್ನನ್ನು ಕೇಳಿದರು.

"ಸ್ವಲ್ಪ ಪರಿಚಯ" ಎಂದೆ, ಕಿಟಕಿಯಾಚೆ ನೋಡುತ್ತಾ.

"ಚೆನ್ನಾಗೇ ಗೊತ್ತು ಮಿಸ್" ಎಂದಳು ಹೆಂಡತಿ. "ಊಟ, ನಿದ್ದೆ ಎಲ್ಲಾ ನಮ್ಮನೇಲೇ. ಹೋಂವರ್ಕ್ ಒಂದು ಮಾತ್ರ ಮಾಡಲ್ಲ."