ಕ್ರೇನಿನಿಂದ ಇಳಿದ ಮೇಲೆ

ರಿಟೈರ್ ಆದವನ ಬದುಕಿನಲ್ಲಿ ಏನೂ ನಡೆಯೋದಿಲ್ಲ ಅಂತ ಹೇಳಿದವನು ಯಾರೋ, ಸಿಕ್ಕರೆ ಒಂದು ವಾರ ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ. ನಾನು ಸುಮ್ಮನೆ ಕೂತರೂ ಏನಾದರೊಂದು ನಡೆದೇ ತೀರುತ್ತದೆ.

ಶಾಲೆಗೆ ನಾನು ಹೋಗಿದ್ದು ಮಳೆ ಬಂದಾಗ ನಿಂತುಕೊಳ್ಳೋಕೆ ಮಾತ್ರ. ಆದರೂ ಬಳ್ಳಾರಿ ಕಡೆಯಿಂದ ಬಂದು ವಿಶಾಖಪಟ್ಟಣದ ಬಂದರಿನಲ್ಲಿ ಕ್ರೇನ್ ನಡೆಸಿದವನು. ತೆಂಗಿನಮರದ ಮೇಲೆ ತೆಂಗಿನಮರ ನಿಲ್ಲಿಸಿದಷ್ಟು ಎತ್ತರದ ಕ್ಯಾಬಿನ್ನು. ಮೋಡ ಇಲ್ಲದ ದಿನ ಅಲ್ಲಿಂದ ಸಿಂಹಳದ ಹೆಂಗಸರು ಬಟ್ಟೆ ಒಣಹಾಕೋದು ಕಾಣುತ್ತಿತ್ತು. ಒಮ್ಮೆ ಹಡಗನ್ನೇ ಎತ್ತಿ ಪಕ್ಕಕ್ಕಿಟ್ಟಿದ್ದೇನೆ. ಒಳಗೆ ಕ್ಯಾಪ್ಟನ್ ಕುಡಿಯುತ್ತಿದ್ದ ಚಹಾ ತುಳುಕಲಿಲ್ಲ.

ದೋಸೆ ಇಳಿಸಿದ್ದು

ಬಂದರಿನ ಗದ್ದಲದಲ್ಲಿ ಬಾಯಿಮಾತು ನಡೆಯೋದಿಲ್ಲ. ಕೆಳಗೆ ನಿಂತವನು ಕೈಸನ್ನೆ ಮಾಡಬೇಕು, ಮೇಲೆ ಕೂತವನು ಎತ್ತಬೇಕು, ಇಳಿಸಬೇಕು. ಜೀವಮಾನವೆಲ್ಲ ಇನ್ನೊಬ್ಬನ ಕೈ ನೋಡಿದವನಿಗೆ, ರಿಟೈರ್ ಆದಮೇಲೆ ನಾನೂ ಕೈ ತೋರಿಸಬೇಕು ಅಂತ ಆಸೆ ಬಂತು. ವಿಶಾಖಪಟ್ಟಣದ ಅಂಚಿನ ದುವ್ವಾಡದ ನಮ್ಮ ಮನೆಯಲ್ಲಿ ಸಿಗುವವಳು ಹೆಂಡತಿ ಒಬ್ಬಳೇ. ಅವಳು ದೋಸೆ ಮಗುಚುವಾಗ ಅಡುಗೆಮನೆ ಬಾಗಿಲಲ್ಲಿ ನಿಂತು ಕೈ ಆಡಿಸಿದೆ.

"ನೊಣ ಹೊಡೀತೀರೇನು?" ಅಂದಳು.

"ಇಳಿಸು ಅಂದೆ. ನಿಧಾನ. ಎಡಕ್ಕೆ."

ದೋಸೆ ಎಡಕ್ಕೇ ಇಳಿಯಿತು, ನನ್ನ ಪಾದದ ಮೇಲೆ.

ಅವಳು ಒಲೆ ಆರಿಸಿದಳು. "ನಾ ವಿಜಯವಾಡಕ್ಕ ಮಗಳ ಮನೀಗೆ ಹೋಗಿ ಇರ್ತೀನಿ. ನೀವೂ ಬರ್ರಿ. ಆದ್ರ ಅಲ್ಲಿ ಒಬ್ಬರಾದ್ರೂ ನಿಮ್ಮ ಮ್ಯಾಲೆ ದೂರು ತಂದು ಬಾಗಿಲಿಗೆ ನಿಂತ್ರಂದ್ರ, ನೀವು ವಾಪಸ್ ದುವ್ವಾಡ. ಒಬ್ಬರೇ."

ಬಿರುಗಾಳಿಗೆ ಕ್ಯಾಬಿನ್ನು ಓಲಾಡುವಾಗ ಗೊರಕೆ ಹೊಡೆದವನು ನಾನು. ಆ 'ಒಬ್ಬರೇ' ಕೇಳಿದವನೇ ನನ್ನ ಚೀಲ ಹುಡುಕತೊಡಗಿದೆ. ನನಗೆ ನೀರು ಕಾಯಿಸೋಕೂ ಬರೋದಿಲ್ಲ.

ಹಿಂದಕ್ಕೆ, ಹಿಂದಕ್ಕೆ

ವಿಜಯವಾಡದ ಪಟಮಟ ಬಡಾವಣೆಯಲ್ಲಿ ಮಗಳದು ಎರಡನೇ ಮಹಡಿ. ಕೆಲವು ದಿನ ಬೆರಳನ್ನೂ ಎತ್ತದೆ ಕೂತೆ. ಕೂತು ಕೂತು ಕೈ ಜೋಮು ಹಿಡಿಯಿತು. ಒಂದು ಬೆಳಿಗ್ಗೆ ಕೆಳಗಿನ ಮನೆಯ ಬ್ಯಾಂಕ್ ಆಫೀಸರು ಹೊಸ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದ. ತಡೆಯಲಾಗದೆ ಹೋಗಿ ನಿಂತೆ.

ಗಾಜಿನ ಪೆಟ್ಟಿಗೆ ಇಳಿಸುವ ಹಾಗೆ ಇಳಿಸಿದೆ ನೋಡ್ರಿ ಆ ಕಾರನ್ನ! ಒಂದಂಗುಲ, ನಿಲ್ಲು. ಇನ್ನೊಂದಂಗುಲ, ನಿಲ್ಲು. ಅಷ್ಟರಲ್ಲಿ ಶಾಲೆ ಬಸ್ಸು ಬಂತು, ಹಿಂದೆ ಆಟೋಗಳು, ಹಾಲಿನ ವ್ಯಾನು. ಹಾರ್ನಿಗೆ ಓಣಿಯೇ ನಡುಗಿತು. ನಾನು ಕೈ ಬಿಡಲಿಲ್ಲ.

ಆಫೀಸರು ಕಾರಿನಿಂದ ಇಳಿದ. ಮುಖ ಕೆಂಪಾಗಿತ್ತು. ನೆಟ್ಟಗೆ ನನ್ನ ಹತ್ತಿರ ಬಂದು, ತೆಲುಗರ ಮರ್ಯಾದೆಯಲ್ಲಿ ಚಿಕ್ಕಪ್ಪ ಅಂತಲೇ ಕರೆದು ಕೇಳಿದ.

"ಬಾಬಾಯ್‌ಗಾರು, ನಿಮ್ಮ ಮನೆ ಯಾವುದು?"

ಮೇಲೆ ಬಾಲ್ಕನಿಯಲ್ಲಿ ಹೆಂಡತಿ ಬಟ್ಟೆ ಒಣಹಾಕುತ್ತಿದ್ದಳು. ನನ್ನ ಬೆರಳು ತಾನಾಗಿ ಎದುರು ಬಿಲ್ಡಿಂಗ್ ತೋರಿಸಿತು.

ಸಂಜೆ ಆಫೀಸರ ದೂರು ಅಲ್ಲಿಗೆ ಮುಟ್ಟಿ, ಆ ಬಿಲ್ಡಿಂಗಿನ ಒಬ್ಬ ಮುದುಕನಿಗೆ ಮಗ ಬೈಯುತ್ತಿದ್ದುದು ಕೇಳಿಸಿತು. ಪಾಪ, ಅವನು ಮಂಚ ಬಿಟ್ಟು ಇಳಿಯದೆ ವರ್ಷವಾಗಿತ್ತಂತೆ.

ಬೀರು ತೂಗಿದ್ದು

ಮೂರನೇ ಮಹಡಿಗೆ ಒಬ್ಬ ಟೀಚರಮ್ಮ ಬಾಡಿಗೆಗೆ ಬಂದರು. ಅವರ ಕನ್ನಡಿ ಬೀರು ಮೆಟ್ಟಿಲ ತಿರುವಿನಲ್ಲಿ ತಿರುಗಲಿಲ್ಲ. ತಾರಸಿಯಲ್ಲಿ ರಾಟೆ ಕಟ್ಟಿ, ಹೊರಗಿನಿಂದ ಎಳೆಯೋದು ಅಂತಾಯಿತು. ಹಗ್ಗ ಹಿಡಿದ ಆಳುಗಳು ಮೇಲೆ.

"ಹಡಗು ಎತ್ತಿದವನು ಇದ್ದೀನಿ, ನೀವೆಲ್ಲ ದೂರ ನಿಲ್ಲಿ" ಅಂದೆ.

ಮಗಳು ಬಾಲ್ಕನಿಯಿಂದಲೇ, "ಅಪ್ಪಾ, ಬ್ಯಾಡ" ಅಂದಳು. ಹೆಂಡತಿ ಅವಳ ಪಕ್ಕ ಬಂದು ಸೆರಗು ಸಿಕ್ಕಿಸಿ ನಿಂತಳು. ಅದೇ ಭಯ.

ಬಂದರಿನ ಕಾನೂನನ್ನು ಎಲ್ಲರಿಗೂ ಕಲಿಸಿಕೊಟ್ಟೆ. ಎತ್ತಲಿ, ಇಳಿಸಲಿ, ಒಬ್ಬನ ಕೈ ಮಾತ್ರ ನೋಡಬೇಕು. ಆದರೆ ಅಪಾಯ ಕಂಡವರು ಯಾರೇ ಮುಷ್ಟಿ ಎತ್ತಿದರೂ ನಿಲ್ಲಿಸಬೇಕು. ಅದನ್ನು ಕಲಿಸಿದ್ದೇ ನಾನು ಮಾಡಿದ ತಪ್ಪು. ಬೀರು ಒಂದು ಆಳು ಎತ್ತರ ಹೋಗುವಷ್ಟರಲ್ಲಿ ಆಫೀಸರ ಹೆಂಡತಿ ಮುಷ್ಟಿ ಎತ್ತಿದಳು, ಅವಳ ಹಪ್ಪಳ ಒಣಗುತ್ತಿತ್ತಂತೆ. ಹಪ್ಪಳ ಒಳಗೆ ಹೋದಮೇಲೆ ಆಫೀಸರು ಎತ್ತಿದ, ಕಾರು ಸರಿಸಬೇಕಂತೆ. ಆಮೇಲೆ ಎದುರು ಬಿಲ್ಡಿಂಗಿನವರೂ ಎತ್ತಿದರು. ಯಾಕೆ ಅಂದರೆ, "ಊರಿಕೇ ಅಂಡಿ, ಸುಮ್ಮನೆ" ಅಂದರು.

ಬೀರು ಎರಡನೇ ಮಹಡಿಯ ಎದುರು ತೂಗಾಡುತ್ತಾ ನಿಂತಿತು. ಕೃಷ್ಣಾ ನದಿ ಕಡೆಯಿಂದ ಗಾಳಿ ಬಂತು. ಬೀರು ತಿರುಗಿತು, ಕನ್ನಡಿಯಲ್ಲಿ ಬಿಸಿಲು ಹೊಳೆದು ನನ್ನ ಕಣ್ಣಿಗೇ ಹೊಡೆಯಿತು. ಕತ್ತಲೆ! ಎರಡೂ ಕೈಯಲ್ಲಿ ಕಣ್ಣು ಮುಚ್ಚಿಕೊಂಡೆ. ಇದು ಯಾವ ಸನ್ನೆಯೋ ಮೇಲಿನವರಿಗೆ ತಿಳಿಯದೆ ಅರ್ಧ ಜನ ಎಳೆದರು, ಅರ್ಧ ಜನ ಬಿಟ್ಟರು. ಹಗ್ಗ ಕಿರ್ ಅಂತು. ಬೀರು ಒಂದು ಕಡೆ ವಾಲಿತಂತೆ. "ನನ್ನ ಬೀರು!" ಅಂತ ಟೀಚರಮ್ಮ ಚೀರಿದರು. ದುವ್ವಾಡದ ಖಾಲಿ ಮನೆ ಕಣ್ಣೆದುರು ಬಂತು.

ಆಮೇಲೆ ಸದ್ದೇ ಇಲ್ಲ. ಕಣ್ಣು ಬಿಟ್ಟು ನೋಡಿದರೆ ನಮ್ಮ ಬಾಲ್ಕನಿಯಲ್ಲಿ ಒಂದು ಮುಷ್ಟಿ ಎದ್ದಿತ್ತು. ಬಳೆ ಹಾಕಿದ ಮುಷ್ಟಿ. ಆಳುಗಳೆಲ್ಲ ಅದನ್ನೇ ನೋಡುತ್ತಿದ್ದರು. ಮುಷ್ಟಿ ಬಿಚ್ಚಿತು. ಒಂದು ಬೆರಳು ಸುತ್ತಿತು: ಎಳೀರಿ. ಅಂಗೈ ವಾಲಿತು: ಬಲಕ್ಕೆ. ಬೀರು ಹೂವಿನ ಹಾಗೆ ಮೇಲೆ ಹೋಗಿ ಟೀಚರಮ್ಮನ ಬಾಲ್ಕನಿಯಲ್ಲಿ ಕೂತಿತು.

"ಇದೆಲ್ಲಾ ಎಲ್ಲಿ ಕಲ್ತೆ?" ಅಂತ ಕೇಳಿದೆ.

"ಮದುವಿ ಆದಾಗಿಂದ ನಿದ್ದ್ಯಾಗ ಕೈ ಮಾಡ್ತೀರಲ್ಲ, ಅದನ್ನ ನೋಡೇ."

ಬಾಗಿಲಿಗೆ ಬಂದವರು

ಸಂಜೆ ಬಾಗಿಲು ಬಡಿದ ಸದ್ದಾಯಿತು. ಟೀಚರಮ್ಮ, ಆಫೀಸರು, ಅವನ ಹೆಂಡತಿ, ಹಿಂದೆ ಇನ್ನೂ ಜನ. ನಾನು ಒಳಗೆ ಹೋಗಿ ಅಂಗಿಗಳನ್ನು ಚೀಲಕ್ಕೆ ತುಂಬತೊಡಗಿದೆ.

ಹೊರಗೆ ಆಫೀಸರ ದನಿ: "ಅಮ್ಮಗಾರು, ಭಾನುವಾರ ತಾರಸಿಗೆ ಹೊಸ ನೀರಿನ ಟ್ಯಾಂಕ್ ಏರಿಸಬೇಕು. ನೀವೇ ನಿಂತು ಮಾಡಿಸಬೇಕು."

ಹೆಂಡತಿ ಕೇಳಿದಳು, "ಮತ್ತ ಇವರು?"

ನಾನು ಚೀಲ ಹಿಡಿದೇ ಬಾಗಿಲಿಗೆ ಕಿವಿ ಹಚ್ಚಿದೆ.

"ಬಾಬಾಯ್‌ಗಾರೂ ಬರಲಿ" ಅಂದರು ಟೀಚರಮ್ಮ. "ಹಗ್ಗ ಎಳೆಯೋಕೆ ಒಬ್ಬರು ಕಡಿಮೆ ಇದ್ದಾರೆ."

ಚೀಲ ಬಿಚ್ಚಿದೆ. ಆಮೇಲೆ ಬಂದರಿನ ಹಳೇ ಗೆಳೆಯನಿಗೆ ಫೋನ್ ಮಾಡಿ, ವಿಜಯವಾಡದಲ್ಲಿ ನನ್ನನ್ನು ಮತ್ತೆ ಕೆಲಸಕ್ಕೆ ಕರೆದಿದ್ದಾರೆ, ಬೇಡ ಅಂದರೂ ಬಿಡುತ್ತಿಲ್ಲ ಅಂದೆ.

"ನಿನ್ನ ಮೇಲಧಿಕಾರಿ ಹೇಗೆ?" ಅಂತ ಕೇಳಿದ.

"ಬಹಳ ಬಿಗಿ. ಆದರೆ ಊಟ ಹಾಕುತ್ತಾರೆ."

"ಅದೃಷ್ಟವಂತ! ಮತ್ತೆ ಯಾವಾಗ ರಿಟೈರು?"

"ಈ ಪೋಸ್ಟಿಗೆ ರಿಟೈರ್‌ಮೆಂಟ್ ಇಲ್ಲ ಕಣಯ್ಯ," ಅಂದೆ. "ಕೇಳಿ ನೋಡೋ ಧೈರ್ಯವೂ ಇಲ್ಲ."