ಬಾಲ್ಕನಿಯ ಹೂವೂ ಸ್ಯಾಂಕಿ ಕೆರೆಯ ಬೆಳ್ಳಕ್ಕಿಯೂ

ಅಪರೂಪದ್ದೇನಾದರೂ ಮನೆಗೆ ಬಂದರೆ ಮನುಷ್ಯ ಸ್ವಲ್ಪ ಕೆಡುತ್ತಾನೆ. ನಾನಂತೂ ಚೆನ್ನಾಗಿಯೇ ಕೆಟ್ಟೆ. ಮಲ್ಲೇಶ್ವರದ ನಮ್ಮ ಬಾಲ್ಕನಿಯಲ್ಲಿ ಬೆಳ್ಳಕ್ಕಿ ಆರ್ಕಿಡ್ ಹೂ ಬಿಟ್ಟಿತ್ತು. ಗೆಳೆಯನೊಬ್ಬ ಜಪಾನಿನಿಂದ ತಂದುಕೊಟ್ಟ, ಕಡಲೆಕಾಯಿ ಗಾತ್ರದ ಗೆಡ್ಡೆ ಅದು. ಹಿಂದಿನ ಮಳೆಗಾಲಗಳಲ್ಲಿ ಬರೀ ಎಲೆ ತೋರಿಸಿ ನನ್ನನ್ನು ಆಟವಾಡಿಸಿ, ಈ ಆಷಾಢದಲ್ಲಿ ಒಂದೇ ಒಂದು ಹೂ ಕೊಟ್ಟಿತು. ಅಚ್ಚ ಬಿಳಿ, ಎರಡೂ ಕಡೆ ಜಾಲರಿಯಂತೆ ಸೀಳಿದ ಎಸಳು. ಥೇಟ್ ಹಾರುತ್ತಿರುವ ಬೆಳ್ಳಕ್ಕಿ! ಕ್ರಾಸಿನವರೆಲ್ಲ ಬಂದು ನೋಡಿದರು. ಅವರು ಹೊಗಳಿದಷ್ಟೂ ನಾನು ಉಬ್ಬಿದೆ.

ನನ್ನ ಹೆಂಡತಿ ವಿಮಲಾ ಮಾತ್ರ ಕೇಳಿದಳು: "ಬೆಳ್ಳಕ್ಕಿ ಥರಾ ಇದೆ ಅಂತೀರಲ್ಲ, ಬೆಳ್ಳಕ್ಕೀನ ಯಾವತ್ತಾದ್ರೂ ಸರಿಯಾಗಿ ನೋಡಿದೀರಾ?"

ನೋಡಿರಲಿಲ್ಲ. ವರ್ಷಗಟ್ಟಲೆ ಸ್ಯಾಂಕಿ ಕೆರೆ ಸುತ್ತಿದ್ದೇನೆ; ನೋಡಿದ್ದೆಲ್ಲ ನನ್ನಂತೆಯೇ ಸಕ್ಕರೆ ಕಾಯಿಲೆಯವರನ್ನು. ಬೆಳ್ಳಕ್ಕಿ ಎಂದರೆ ಸುಣ್ಣ ಬಳಿದ ಕಾಗೆ ಅಂದುಕೊಂಡಿದ್ದೆ.

ಮರುದಿನ ಬೆಳಗ್ಗೆ ಹೂವಿನ ಕುಂಡವನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ಕೆರೆಗೆ ಆಟೋ ಹತ್ತಿದೆವು. "ಹಂಪ್ ಬಂದಾಗ ನಿಧಾನ ಕಣಪ್ಪಾ" ಅಂದೆ. ಡ್ರೈವರ್ ತಿರುಗಿಯೂ ನೋಡದೆ, "ಪಾಪು ಮಲಗಿದ್ಯಾ ಸಾರ್?" ಅಂದ.

ಕೆರೆಯಂಚಿನಲ್ಲಿ ಒಂದು ಬೆಳ್ಳಕ್ಕಿ ನಿಂತಿತ್ತು. ಕಪ್ಪು ಕಾಲು, ಹಳದಿ ಪಾದ. ಒಂದು ಪಾದವನ್ನು ನೀರಿನಲ್ಲಿ ನಡುಗಿಸಿ ಮೀನು ಎಬ್ಬಿಸುತ್ತಿತ್ತು. ನಾನು ಕುಂಡವನ್ನು ಬೇಲಿಯ ಕಂಬಿಯ ಮೇಲೆತ್ತಿ, ಒಂದು ಕಣ್ಣು ಮುಚ್ಚಿ, ಹೂವನ್ನು ಹಕ್ಕಿಯ ಪಕ್ಕಕ್ಕೆ ಹೊಂದಿಸಿದೆ. ಅದೇ ಹೊತ್ತಿಗೆ ಅದು ರೆಕ್ಕೆ ಬಿಚ್ಚಿತು. ಬೆನ್ನಿನ ಗರಿಗಳು ಗಾಳಿಗೆ ಎಳೆಎಳೆಯಾಗಿ ಎದ್ದವು. ಅದೇ ಜಾಲರಿ, ಅದೇ ಬಿಳುಪು! ಎಲ್ಲಿಯ ಹೂ, ಎಲ್ಲಿಯ ಹಕ್ಕಿ? ಇದು ಅದನ್ನು ಕಂಡಿಲ್ಲ, ಅದು ಇದನ್ನು ಕೇಳಿಲ್ಲ.  ವಿಮಲಾ ತಟ್ಟನೆ ನನ್ನ ತೋಳು ಹಿಡಿದುಕೊಂಡಳು.

ಹಿಡಿದ ರಭಸಕ್ಕೆ ಕುಂಡ ವಾಲಿ, ಹೂ ಕಂಬಿಗೆ ತಗುಲಿ ಮುರಿದು ನೀರಿಗೆ ಬಿತ್ತು. "ಅಯ್ಯೋ!" ಎಂದೆವು ಇಬ್ಬರೂ. ತೇಲುತ್ತಿದ್ದ ಹೂವಿನ ಹತ್ತಿರ ಹಕ್ಕಿ ಬಂತು, ಕತ್ತು ಓರೆ ಮಾಡಿ ನೋಡಿತು, ಕೊಕ್ಕಿನಿಂದ ಒಮ್ಮೆ ಮುಟ್ಟಿತು. ಮೀನಲ್ಲವೆಂದು ತಿಳಿದು ಎದ್ದು ಹಾರಿತು. ನಮ್ಮ ತಲೆಯ ಮೇಲೇ ಹಾದುಹೋದಾಗ ಬಿಸಿಲು ಅದರ ರೆಕ್ಕೆಯೊಳಗಿಂದ ಸೋಸಿದಂತೆ ಬಂತು. ಅಳಬೇಕಾದವನು ಬಾಯಿ ತೆರೆದುಕೊಂಡು ನಿಂತುಬಿಟ್ಟೆ.

"ಬೇಜಾರಾಯ್ತಾ?" ಅಂದಳು ವಿಮಲಾ. "ಹೋಗ್ಲಿ ಬಿಡಿ. ಈ ಹಕ್ಕಿಗಾದ್ರೆ ನೀವು ದಿನಾ ನೀರು ಹಾಕ್ಬೇಕಾಗಿಲ್ಲ."

ಪಕ್ಕದಲ್ಲಿ ವಾಕಿಂಗ್ ನಿಲ್ಲಿಸಿದ್ದ ಅಪರಿಚಿತರೊಬ್ಬರು ಆಕಾಶದಿಂದ ಕಣ್ಣು ತೆಗೆಯದೆ, "ಎಷ್ಟ್ ಚೆನ್ನಾಗಿದೆ ಅಲ್ವಾ ಸಾರ್!" ಎಂದರು.

"ಥ್ಯಾಂಕ್ಸ್" ಎಂದುಬಿಟ್ಟೆ.