ಅರ್ಧ ಮೀಸೆಗೆ ಕಾರಣವಾದ ಕಾಲಿನ ಕುರಿತು

ಕೃತಕ ಕಾಲು ಜೋಡಿಸುವ ಕೋಣೆಯ ಮುಖ್ಯಸ್ಥೆಯವರಾದ ಮಾನ್ಯರೇ,

ತಾವೂ ತಮ್ಮ ಸ್ಪ್ಯಾನರುಗಳೂ ಕ್ಷೇಮವೆಂದು ನಂಬಿ, ಎದುರು ಬೀದಿಯ ಕ್ಷೌರದಂಗಡಿಯವನಾದ ನಾನು, ಎಡಗಾಲು ಮೊಣಕಾಲಿನ ಕೆಳಗೆ ಹೋಗಿ ಎಂಟು ತಿಂಗಳಾದರೂ ನಾಲಿಗೆ ಮಾತ್ರ ಒಂದಿಂಚೂ ಕಡಿಮೆಯಾಗದ ನಾನು, ಈ ದೂರನ್ನು ಊರೆಲ್ಲ ಓದಲೆಂದೇ ಬರೆಯುತ್ತಿದ್ದೇನೆ.

ತಮ್ಮ ಮೊದಲ ಅಪರಾಧ ತಾಳ್ಮೆ. ಉಳಿದ ಕಾಲು ಕೂರುವ ಸಾಕೆಟ್ಟನ್ನು ನಾಲ್ಕು ಸಲ ತೊಡಿಸಿ, ನಾಲ್ಕು ಸಲ ಕಳಚಿ, ಚರ್ಮ ಎಲ್ಲಿ ಕೆಂಪಾಗಿದೆಯೆಂದು ಅಕ್ಕಿಯಲ್ಲಿ ಕಲ್ಲು ಆರಿಸುವವರಂತೆ ಹುಡುಕಿ, ಐದನೆಯ ಸಲ ಅದಕ್ಕೆ ಪೈಪನ್ನೂ ಪಾದವನ್ನೂ ಕೂಡಿಸಿ, "ಇದು ಬರೀ ಟ್ರಯಲ್ಲು. ಬೋಲ್ಟು ಇನ್ನೂ ಪೂರ್ತಿ ಬಿಗಿ ಮಾಡಿಲ್ಲ. ಎರಡೂ ಕೈಲಿ ಹಿಡ್ಕೊಂಡು ನಡೆಯೋ ಈ ಕಂಬಿ ಬಿಟ್ಟು ಆಚೆ ಹೋಗ್ಬೇಡಿ" ಎಂದು ಹೇಳಿ ಒಳಗೆ ಹೋದಿರಿ. ಎಂಟು ತಿಂಗಳು ಕೂತಲ್ಲೇ ಕೂತವನನ್ನು ಎರಡು ಕಾಲ ಮೇಲೆ ನಿಲ್ಲಿಸಿ, ಕಿಟಕಿಯಲ್ಲಿ ಅವನದೇ ಅಂಗಡಿ ಕಾಣುವಂತೆ ಬಿಟ್ಟು ಹೋಗುವುದು ಯಾವ ನ್ಯಾಯ? ಕಾಲು ಹೊರಟೇಬಿಟ್ಟಿತು, ಸಭ್ಯನಾದ ನಾನು ಅದರ ಜೊತೆಗೆ ಹೋದೆ.

ಅಂಗಡಿ ಕಾಯುತ್ತಿದ್ದ ನನ್ನ ಭಾವಮೈದ, ಕಸುಬಿನಲ್ಲಿ ಸೈಕಲ್ ರಿಪೇರಿಯವನು, ಬಾಯಿ ಬಿಟ್ಟು ನೋಡುತ್ತಿದ್ದಂತೆಯೇ ನಾನು ದಾರಿಹೋಕರಾದ ನಿವೃತ್ತ ಹೆಡ್ಮಾಸ್ತರನ್ನು ಕರೆದು ಕೂರಿಸಿ, ನೊರೆ ಹಚ್ಚಿ, ಕತ್ತಿ ಹಿಡಿದು, ಸಂತೋಷಕ್ಕೆ ಸಿಳ್ಳೆ ಹಾಕುತ್ತ ಅವರ ಸುತ್ತ ತಿರುಗಿದೆ. ಪೈಪೂ ತಿರುಗಿತು. ಅರ್ಧ ಮೀಸೆ ಮುಗಿಯುವಷ್ಟರಲ್ಲಿ ಹೆಡ್ಮಾಸ್ತರು ಕೆಳಗೆ ನೋಡಿ, "ಏನಯ್ಯಾ ಇದು, ನಿನ್ನ ಒಂದು ಕಾಲು ಒಳಗೆ ಬರ್ತಿದೆ, ಇನ್ನೊಂದು ಆಚೆ ಹೋಗ್ತಿದೆ!" ಎಂದು ಕೂಗಿ, ಉಳಿದರ್ಧ ಮೀಸೆಯೊಂದಿಗೆ ಪಾರಾದರು.

"ಬಿಡು ಭಾವ, ಸೈಕಲ್ ಹ್ಯಾಂಡಲ್ಲಿಗಿಂತ ದೊಡ್ಡದಾ ಇದು?" ಎಂದು ಭಾವಮೈದ ತನ್ನ ಸ್ಪ್ಯಾನರ್ ಹಾಕಿದ. ಒಂದು ಸುತ್ತು, ಇನ್ನೊಂದು, ಗಟ್ಟಿಯಾಗಲೆಂದು ಮತ್ತೊಂದು. ಲಟಕ್ಕೆಂದು ಬೋಲ್ಟಿನ ತಲೆ ಅವನ ಅಂಗೈಗೆ ಬಂತು. ನಾನು ಗಿರಾಕಿಯ ಕುರ್ಚಿಗೆ ಬಿದ್ದೆ. ಕೈಯಲ್ಲಿ ಇನ್ನೂ ಕತ್ತಿಯಿತ್ತು.

ಅಷ್ಟರಲ್ಲಿ ಏಪ್ರನ್ನಿನ ತುಂಬ ಪ್ಲಾಸ್ಟರ್ ಮೆತ್ತಿಕೊಂಡು ತಾವು ಓಡಿಬಂದಿರಿ. ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ತಾವು ಬೈಯಲೂ ಇಲ್ಲ, ಇದು ತಮ್ಮ ಎರಡನೆಯ ಅಪರಾಧ. ಕೂದಲ ರಾಶಿಯ ಮೇಲೇ ಮಂಡಿಯೂರಿ, ಮೊದಲು ನನ್ನ ಚರ್ಮ, ಆಮೇಲೆ ಸಾಕೆಟ್ಟು ಬಿರುಕು ಬಿಟ್ಟಿದೆಯೇ ಎಂದು ನೋಡಿ, ಜಜ್ಜಿಹೋದ ಭಾಗ ಬದಲಿಸಿ, ಹೊಸ ಬೋಲ್ಟಿಗೆ ಒಂದು ಹನಿ ಅಂಟು ಹಾಕಿ, ಅಳತೆಯ ಸ್ಪ್ಯಾನರಿನಿಂದ ತಿರುಗಿಸಿದಿರಿ. ಕಟಕ್. "ನೋಡಪ್ಪಾ, ಬಿಗಿ ಮಾಡೋಕೆ ಬೇಕಾಗಿರೋದು ಶಕ್ತಿ ಅಲ್ಲ, ಅಳತೆ. ಕಟಕ್ ಅಂದ್ಮೇಲೆ ಕೈ ತೆಗೆದುಬಿಡ್ಬೇಕು" ಎಂದು ಭಾವಮೈದನಿಗೆ ಹೇಳಿದಿರಿ. ಹುಟ್ಟಿದಂದಿನಿಂದ ಯಾರ ಮಾತೂ ಕೇಳದವನು ಅಂದು ತಲೆಯಾಡಿಸಿದ.

ಇನ್ನೂ ಎರಡು ದಿನ ಕಂಬಿಯೊಳಗೇ ನಡೆಸಿದ ಮೇಲೆ ತಾವು ನನ್ನನ್ನು ಮನೆಗೆ ಬಿಟ್ಟಿರಿ. ಅದರ ಫಲವಾಗಿ, ಇಷ್ಟು ದಿನ ಕೂತಲ್ಲಿಗೇ ನೀರು ತಂದುಕೊಡುತ್ತಿದ್ದ ನನ್ನ ಹೆಂಡತಿ ಈಗ "ಹೇಗೂ ಎದ್ದಿದೀರಲ್ಲ" ಎಂಬ ಒಂದೇ ಮಂತ್ರದಿಂದ ನನ್ನನ್ನು ದಿನಕ್ಕೆ ಹತ್ತು ಸಲ ಮಹಡಿ ಹತ್ತಿಸುತ್ತಿದ್ದಾಳೆ. ಆದ್ದರಿಂದ, ಬೀದಿಗೆ ಚೆನ್ನಾಗಿ ನಡೆಯುವ, ಮಹಡಿ ಕಂಡೊಡನೆ ನೋಯುವ ಕಾಲೊಂದನ್ನು ದಯಪಾಲಿಸಬೇಕೆಂದೂ, ಬಂದ ಗಿರಾಕಿಗಳಿಗೆಲ್ಲ ಈ ಕತೆ ಹೇಳುತ್ತಿರುವ ಭಾವಮೈದನ ಬಾಯಿಗೆ ತಮ್ಮ ಕೈಯಾರೆ ಒಂದು ಬೋಲ್ಟು ಹಾಕಬೇಕೆಂದೂ ಬೇಡುತ್ತೇನೆ.

ತಮ್ಮ ವಿಶ್ವಾಸಿಯೂ, ಹೆಡ್ಮಾಸ್ತರಿಗೆ ಅರ್ಧ ಮೀಸೆ ಬಾಕಿಯಿರುವವನೂ ಆದ,
ಕ್ಷೌರಿಕ

ಮರೆತ ಮಾತು: ಕಾಲಿನ ಉದ್ದದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಸಹಿಸದ ತಮ್ಮ ಸ್ವಂತ ಕೂದಲು ಬಲಕಿವಿಯ ಹಿಂದೆ ಅರ್ಧ ಇಂಚು ಜಾಸ್ತಿಯಿದೆ. ಬನ್ನಿ, ನಿಂತೇ ಕತ್ತರಿಸುತ್ತೇನೆ.